ವೈನ್‌ನ ಸಲ್ಫೈಟ್ ಅಳೆಯುವ ಮೈಕ್ರೊಫ್ಲೂಯಿಡಿಕ್ ಚಿಪ್: ಕಟ್ಟುವುದರಿಂದ ಅಂಕಿಯನ್ನು ನಂಬುವವರೆಗೆ

ಚಿಪ್ ಸೋರುತ್ತಿಲ್ಲ. ಬಣ್ಣವೂ ಬರುತ್ತಿದೆ. ಆದರೆ ಒಂದೇ ಬಾಟಲಿಯ ವೈನ್ ಮೂರು ಸಲ ಓಡಿಸಿದರೆ ಮೂರು ಬೇರೆ ಬೇರೆ ಅಂಕಿ. ಸಣ್ಣ ಚಾನೆಲ್‌ಗಳಲ್ಲಿ ದ್ರವ ಹರಿಸಿ ಪರೀಕ್ಷಿಸುವ ಪುಟ್ಟ ಪ್ಲಾಸ್ಟಿಕ್ ತಟ್ಟೆಯೇ ಈ ಚಿಪ್. ಮದ್ಯದ ಗುಣಮಟ್ಟ ಅಳೆಯಲು ಅದನ್ನು ಬಳಸುವವರಿಂದ ಪದೇ ಪದೇ ಬರುವ ದೂರು ಇದು. ಹೆಚ್ಚಿನವರು ತಕ್ಷಣ ಚಿಪ್‌ನ ವಿನ್ಯಾಸ ಬದಲಿಸಲು ಹೊರಡುತ್ತಾರೆ. ತಪ್ಪು ಸಾಮಾನ್ಯವಾಗಿ ಅಲ್ಲಿರುವುದಿಲ್ಲ. ಬಾಟಲಿಯಿಂದ ಮಾದರಿ ತೆಗೆದ ರೀತಿ, ಆಮ್ಲದ ಜೊತೆ ಅದು ಬೆರೆತ ರೀತಿ, ಹೋಲಿಕೆಗೆ ಇಟ್ಟ ಸ್ಟ್ಯಾಂಡರ್ಡ್ ದ್ರಾವಣ, ಈ ಮೂರರಲ್ಲಿ ಒಂದು ಕೆಟ್ಟಿರುತ್ತದೆ.

ಇಲ್ಲಿ ಒಂದೇ ಪರೀಕ್ಷೆಯನ್ನು ಹಿಡಿದು ಮೊದಲಿನಿಂದ ಕೊನೆಯವರೆಗೆ ಹೇಳುತ್ತೇನೆ: ವೈನ್‌ನಲ್ಲಿರುವ ಸಲ್ಫರ್ ಡೈಆಕ್ಸೈಡ್. ವೈನ್ ಮಾಡುವವರು ಇದನ್ನು ಸುಮ್ನೆ ಸಲ್ಫೈಟ್ ಅನ್ನುತ್ತಾರೆ, ನಾನೂ ಹಾಗೇ ಬರೆಯುತ್ತೇನೆ. ಅಂಕಿಗಳೆಲ್ಲ ಸಲ್ಫರ್ ಡೈಆಕ್ಸೈಡ್ ಲೆಕ್ಕದಲ್ಲೇ ಇವೆ. ವೈನ್ ಕೆಡದೆ ಉಳಿಯುವುದು, ಕಂದು ಬಣ್ಣಕ್ಕೆ ತಿರುಗದಿರುವುದು, ಕಾನೂನಿನ ಮಿತಿ ದಾಟದಿರುವುದು, ಎಲ್ಲವೂ ಈ ಅಂಕಿಗೆ ಅಂಟಿಕೊಂಡಿವೆ. ಇದೊಂದು ಕೈಗೆ ಹತ್ತಿದರೆ ಬೇರೆ ಪರೀಕ್ಷೆಗಳಿಗೂ ಇದೇ ಶಿಸ್ತು ಸಾಕಾಗುತ್ತದೆ.

## ಏನನ್ನು ಅಳೆಯುತ್ತಿದ್ದೀರಿ, ಅದು ಮೊದಲು ಸ್ಪಷ್ಟವಾಗಲಿ

ವೈನ್‌ನಲ್ಲಿ ಸಲ್ಫೈಟ್ ಎರಡು ರೂಪದಲ್ಲಿ ಇರುತ್ತದೆ. ಒಂದು ಮುಕ್ತ ಸಲ್ಫೈಟ್. ಇನ್ನೊಂದು ಅಸಿಟಾಲ್ಡಿಹೈಡ್, ಸಕ್ಕರೆ, ಕೆಂಪು ಬಣ್ಣದ ಆಂಥೋಸಯನಿನ್ ಮುಂತಾದವುಗಳಿಗೆ ಅಂಟಿಕೊಂಡ ಬಂಧಿತ ಸಲ್ಫೈಟ್. ಎರಡೂ ಸೇರಿದರೆ ಒಟ್ಟು. ಕಾನೂನು ನೋಡುವುದು ಒಟ್ಟನ್ನು. ಯುರೋಪಿಯನ್ ಒಕ್ಕೂಟದಲ್ಲಿ ಸಿಹಿಯಿಲ್ಲದ ಕೆಂಪು ವೈನ್‌ಗೆ ಲೀಟರಿಗೆ 150 ಮಿಲಿಗ್ರಾಂ, ಬಿಳಿ ವೈನ್‌ಗೆ 200 ಮಿಲಿಗ್ರಾಂ ಮಿತಿ. ಅಮೆರಿಕದಲ್ಲಿ 350. ಆದರೆ ವೈನನ್ನು ನಿಜವಾಗಿ ಕಾಪಾಡುವುದು ಮುಕ್ತ ಸಲ್ಫೈಟ್. ಅದರಲ್ಲೂ ಅನಿಲ ರೂಪದಲ್ಲಿ ಕರಗಿರುವ ಪುಟ್ಟ ಭಾಗ.

ಚಿಪ್‌ನ ಕೆಲಸ ಸರಳ. ಒಂದು ಚಾನೆಲ್‌ನಲ್ಲಿ ವೈನ್‌ಗೆ ಆಮ್ಲ ಬೆರೆಯುತ್ತದೆ. ಮುಕ್ತ ಸಲ್ಫೈಟ್ ಅನಿಲವಾಗುತ್ತದೆ. ನಡುವಿನ ತೆಳು ಪಿಟಿಎಫ್ಇ (ಟೆಫ್ಲಾನ್) ಮೆಂಬ್ರೇನ್, ಅಂದರೆ ಸೂಕ್ಷ್ಮ ರಂಧ್ರಗಳ ಪೊರೆ, ನೀರನ್ನು ತಡೆದು ಅನಿಲವನ್ನು ಮಾತ್ರ ಬಿಡುತ್ತದೆ. ಆಚೆ ಬದಿಯ ಚಾನೆಲ್‌ನಲ್ಲಿರುವ ಡಿಟಿಎನ್‌ಬಿ ಎಂಬ ರಾಸಾಯನಿಕ ಆ ಅನಿಲದ ಜೊತೆ ಸೇರಿ ಹಳದಿಯಾಗುತ್ತದೆ. ಹಳದಿ ಎಷ್ಟು ಗಾಢವೋ ಸಲ್ಫೈಟ್ ಅಷ್ಟು. ವೈನ್‌ನ ಸ್ವಂತ ಬಣ್ಣ ಮೆಂಬ್ರೇನ್ ದಾಟುವುದಿಲ್ಲ. ಕೆಂಪು ವೈನ್‌ನಲ್ಲೂ ಓದಲು ಆಗುವುದು ಅದಕ್ಕೇ.

## ಬೇಕಾದ ಸಾಮಾನು

ಚಿಪ್‌ಗೆ: ಪಾರದರ್ಶಕ ಪ್ಲಾಸ್ಟಿಕ್ ಹಾಳೆ ಎರಡು, 0.2 ಮಿ.ಮೀ. ದಪ್ಪದ ಎರಡೂ ಬದಿ ಅಂಟುವ ಫಿಲ್ಮ್, 0.45 ಮೈಕ್ರಾನ್ ರಂಧ್ರದ ಪಿಟಿಎಫ್ಇ ಮೆಂಬ್ರೇನ್, ಲೇಸರ್ ಕಟರ್. ಓದಲು: 405 ನ್ಯಾನೊಮೀಟರ್ ಎಲ್‌ಇಡಿ, ಬೆಳಕು ಅಳೆಯುವ ಫೋಟೊಡಯೋಡ್, 10 ಮಿ.ಮೀ. ದಪ್ಪದ ಕಪ್ಪು ಪ್ಲಾಸ್ಟಿಕ್ ತುಂಡು. ಹರಿಸಲು: ಸಿರಿಂಜ್ ಪಂಪ್, ಮೂರು ಸಿರಿಂಜ್, ಅರ್ಧ ಮಿ.ಮೀ. ಒಳವ್ಯಾಸದ ಟ್ಯೂಬ್. ಇವುಗಳ ಜೊತೆ ಒಂದು ಪಿಎಚ್ ಮೀಟರ್, ಮಿಲಿಗ್ರಾಂ ತೂಗುವ ತಕ್ಕಡಿ, ಶಾಖ ಸ್ಥಿರವಾಗಿಡುವ ಪ್ಲೇಟ್.

ಪ್ಲಾಸ್ಟಿಕ್ ವಿಷಯದಲ್ಲಿ ಸ್ವಲ್ಪ ನಿಲ್ಲಿ. ಎಲ್ಲರೂ ಕೈಗೆ ಸಿಗುವ ಅಕ್ರಿಲಿಕ್ ಹಾಳೆ ತರುತ್ತಾರೆ. ಲೇಸರ್ ಕತ್ತರಿಸಿದ ಅಂಚಿನಲ್ಲಿ ಅಕ್ರಿಲಿಕ್‌ಗೆ ಒಳಗೇ ಬಿಗಿತ ಉಳಿದಿರುತ್ತದೆ. ಆಲ್ಕೋಹಾಲ್ ತಗುಲಿದ ಕೂಡಲೇ ಅಲ್ಲಿಂದ ಕೂದಲೆಳೆಯಂಥ ಬಿರುಕು ಓಡುತ್ತದೆ. ಅಕ್ರಿಲಿಕ್ಕೇ ಬಳಸುವುದಾದರೆ ಕತ್ತರಿಸಿದ ಮೇಲೆ ಓವನ್‌ನಲ್ಲಿ 80 ಡಿಗ್ರಿಯಲ್ಲಿ ಕೆಲವು ಗಂಟೆ ಇಟ್ಟು, ಓವನ್ ಆರಿಸಿ ಅದರಲ್ಲೇ ನಿಧಾನವಾಗಿ ತಣಿಯಲು ಬಿಡಿ. ಸಿಓಸಿ (ಸೈಕ್ಲಿಕ್ ಓಲೆಫಿನ್ ಕೋಪಾಲಿಮರ್ ಎಂಬ ಪ್ಲಾಸ್ಟಿಕ್) ಹಾಳೆ ಸಿಕ್ಕರೆ ಅದೇ ಒಳ್ಳೆಯದು, ಆಲ್ಕೋಹಾಲ್‌ಗೆ ಜಗ್ಗುವುದಿಲ್ಲ.

ಪಿಡಿಎಂಎಸ್ ಎಂಬ ಸಿಲಿಕೋನ್ ರಬ್ಬರ್‌ನ ಚಿಪ್ ಸಾಲದೇ ಎಂದು ಕೆಲವರು ಕೇಳುತ್ತಾರೆ. ಈ ಕೆಲಸಕ್ಕೆ ಬೇಡ. ಅನಿಲ ಅದರ ಗೋಡೆಯೊಳಗೇ ನುಸುಳಿ ಹೋಗುತ್ತದೆ. ಪರಿಮಳದ ಎಸ್ಟರ್‌ಗಳನ್ನು ಹೀರಿಕೊಂಡು ಮುಂದಿನ ಮಾದರಿಗೆ ಬಿಟ್ಟುಕೊಡುತ್ತದೆ.

ಎಚ್ಚರಿಕೆ: ಮುಂದೆ ಸ್ಟ್ಯಾಂಡರ್ಡ್ ಮಾಡಲು ಬಳಸುವ ಮೆಟಾಬೈಸಲ್ಫೈಟ್ ಪುಡಿಗೆ ಆಮ್ಲ ತಗುಲಿದರೆ ಉಸಿರು ಕಟ್ಟಿಸುವ ಅನಿಲ ಬರುತ್ತದೆ. ಆಸ್ತಮಾ ಇರುವವರಿಗೆ ತುಂಬಾ ಅಪಾಯ. ಗಾಳಿ ಎಳೆಯುವ ಹುಡ್ ಕೆಳಗೆ, ಕೈಗವಸು ಮತ್ತು ಕನ್ನಡಕ ಹಾಕಿಕೊಂಡೇ ಕೆಲಸ ಮಾಡಿ. ಪರೀಕ್ಷೆಗೆ ತೆಗೆದ ವೈನ್ ಮತ್ತೆ ಬಾಟಲಿಗೆ ಹೋಗಬಾರದು.

## ಹಂತ 1: ಚಿಪ್ ಕಟ್ಟುವುದು

ಕೆಳಗಿನಿಂದ ಮೇಲಕ್ಕೆ ಐದು ಪದರ. ಹಾಳೆ, ವೈನ್ ಚಾನೆಲ್ ಕತ್ತರಿಸಿದ ಫಿಲ್ಮ್, ಮೆಂಬ್ರೇನ್, ಡಿಟಿಎನ್‌ಬಿ ಚಾನೆಲ್ ಕತ್ತರಿಸಿದ ಫಿಲ್ಮ್, ಮತ್ತೆ ಹಾಳೆ. ವೈನ್ ಮತ್ತು ಆಮ್ಲ ಇಂಗ್ಲಿಷಿನ ವೈ ಅಕ್ಷರದ ಆಕಾರದಲ್ಲಿ ಬಂದು ಕೂಡುತ್ತವೆ. ಅಲ್ಲಿಂದ ಮೊದಲು 0.3 ಮಿ.ಮೀ. ಅಗಲ, 200 ಮಿ.ಮೀ. ಉದ್ದದ ಬೆರೆಸುವ ಭಾಗ. ಆಮೇಲೆ 1 ಮಿ.ಮೀ. ಅಗಲ, 100 ಮಿ.ಮೀ. ಉದ್ದದ ಅನಿಲ ದಾಟುವ ಭಾಗ. ಎರಡನ್ನೂ ಹಾವಿನ ಹಾಗೆ ಮಡಚಿ ಕೂರಿಸಿ. ಮೇಲಿನ ಪದರದಲ್ಲಿ ಅನಿಲ ದಾಟುವ ಭಾಗದ ನೇರ ಮೇಲೆ ಅದೇ ಆಕಾರದ ಚಾನೆಲ್ ಬರಬೇಕು. ಅದರೊಳಗೆ ಹಿಡಿಯುವುದು 20 ಮೈಕ್ರೊಲೀಟರ್.

ಬೆರೆಸುವ ಭಾಗವನ್ನು ಬಿಟ್ಟುಬಿಡುವುದು ನಾನು ಅತಿ ಹೆಚ್ಚು ನೋಡಿರುವ ತಪ್ಪು. ಇಷ್ಟು ಸಣ್ಣ ಚಾನೆಲ್‌ನಲ್ಲಿ ದ್ರವ ಸುಳಿಯುವುದಿಲ್ಲ. ವೈನ್ ಒಂದು ಬದಿ, ಆಮ್ಲ ಇನ್ನೊಂದು ಬದಿ, ಎರಡೂ ಅಕ್ಕಪಕ್ಕ ಸುಮ್ಮನೆ ಹರಿಯುತ್ತವೆ. ಅಣುಗಳು ತಾವಾಗಿ ಆಚೆ ಈಚೆ ಹರಡಿದರಷ್ಟೇ ಬೆರೆತೀತು. 1 ಮಿ.ಮೀ. ದೂರಕ್ಕೆ ಹೀಗೆ ಹರಡಲು ಸಾಮಾನ್ಯ ಸಣ್ಣ ಅಣುವಿಗೆ ಸುಮಾರು ಎಂಟು ನಿಮಿಷ ಬೇಕು. ನಿಮ್ಮ ದ್ರವ ಆ ಭಾಗದಲ್ಲಿ ಇರುವುದೇ ಅರ್ಧ ನಿಮಿಷ. ಅಗಲವನ್ನು 0.3 ಮಿ.ಮೀ.ಗೆ ಇಳಿಸಿದರೆ ಪ್ರತಿ ಪಟ್ಟಿ 0.15 ಮಿ.ಮೀ. ಮಾತ್ರ. ಆಗ ಹತ್ತು ಹನ್ನೆರಡು ಸೆಕೆಂಡು ಸಾಕು, ಮೇಲೆ ಹೇಳಿದ ಉದ್ದ ಸುಮಾರು 18 ಸೆಕೆಂಡು ಕೊಡುತ್ತದೆ. ಆಮ್ಲದ ಪ್ರೋಟಾನ್‌ಗಳು ಇನ್ನೂ ಬೇಗ ಓಡುತ್ತವೆ, ಅದು ನಮಗೆ ಲಾಭ.

ಜೋಡಿಸುವಾಗ ಮೂರು ಮಾತು ನೆನಪಿಡಿ.

ಫಿಲ್ಮ್‌ಗೆ ಎರಡು ಮುಖ ಇವೆ. ಒಂದನ್ನು ಅಪ್ಪಿತಪ್ಪಿ ಮಗುಚಿ ಅಂಟಿಸಿದರೆ ಮೇಲಿನ ಚಾನೆಲ್ ಕನ್ನಡಿಯ ಪ್ರತಿಬಿಂಬವಾಗಿ ಕೂರುತ್ತದೆ. ಮೂಲೆಯಲ್ಲಿ ಒಂದು ಗುರುತು ಕತ್ತರಿಸಿ, ನಾಲ್ಕೂ ಮೂಲೆಗೆ ಪಿನ್ ತೂರುವ ತೂತು ಇಡಿ.

ಮೆಂಬ್ರೇನ್ ಚಿಕ್ಕದಾಗಿ ಕತ್ತರಿಸಿ ನಡುವೆ ಇಟ್ಟರೆ ಅದರ ಅಂಚಿನ ಮೆಟ್ಟಿಲಿನಲ್ಲಿ ದ್ರವ ಸೋರುತ್ತದೆ. ಇಡೀ ಚಿಪ್‌ನ ಅಳತೆಗೇ ಕತ್ತರಿಸಿ, ದ್ರವ ಹೋಗಿ ಬರುವ ಜಾಗದಲ್ಲಿ ತೂತು ಮಾಡಿ.

ಪಿಟಿಎಫ್ಇಗೆ ಸಾಮಾನ್ಯ ಅಂಟು ಹಿಡಿಯುವುದಿಲ್ಲ. ಸಿಲಿಕೋನ್ ಅಂಟಿನ ಫಿಲ್ಮ್ ತನ್ನಿ. ಜೋಡಿಸಿದ ಮೇಲೆ ರಾತ್ರಿಯಿಡೀ ಭಾರ ಹೇರಿ ಇಡಿ.

## ಹಂತ 2: ಓದುವ ಕೋಶ

ಹಳದಿ ಬಣ್ಣವನ್ನು ಚಿಪ್‌ನ ಮೇಲಿಂದಲೇ ಫೋನ್ ಕ್ಯಾಮೆರಾದಲ್ಲಿ ಓದುವ ಆಸೆ ಎಲ್ಲರಿಗೂ ಇರುತ್ತದೆ. ಲೆಕ್ಕ ಹಾಕಿ ನೋಡಿದರೆ ಆ ಆಸೆ ಹೋಗುತ್ತದೆ. ಬೆಳಕು ದ್ರವದೊಳಗೆ ಎಷ್ಟು ದೂರ ಸಾಗುತ್ತದೋ ಬಣ್ಣ ಅಷ್ಟು ಗಾಢವಾಗಿ ಕಾಣುತ್ತದೆ. ಮೇಲಿಂದ ನೋಡಿದರೆ ಆ ದೂರ 0.2 ಮಿ.ಮೀ. ಮಾತ್ರ. 10 ಮಿ.ಮೀ. ಉದ್ದದ ಕೋಶದಲ್ಲಿ 0.25 ಅಬ್ಸಾರ್ಬನ್ಸ್ (ದ್ರವ ಎಷ್ಟು ಬೆಳಕು ಹೀರಿತು ಎಂಬ ಅಳತೆ; ಮುಂದೆ ಓದು ಅನ್ನುವುದು ಇದನ್ನೇ) ತೋರಿಸುವ ದ್ರಾವಣ ಅಲ್ಲಿ 0.005 ತೋರಿಸುತ್ತದೆ. ಕ್ಯಾಮೆರಾದ ಕದಲಾಟದಲ್ಲೇ ಅದು ಮುಳುಗಿ ಹೋಗುತ್ತದೆ.

ಆದ್ದರಿಂದ 10 ಮಿ.ಮೀ. ದಪ್ಪದ ಕಪ್ಪು ತುಂಡಿಗೆ 1 ಮಿ.ಮೀ. ವ್ಯಾಸದ ನೇರ ತೂತು ಕೊರೆಯಿರಿ. ಎರಡೂ ತುದಿಗೆ ತೆಳು ಗಾಜು ಅಂಟಿಸಿ. ಪಕ್ಕದಿಂದ ದ್ರವ ಒಳಗೆ ಹೊರಗೆ ಹೋಗಲಿ. ಒಂದು ತುದಿಗೆ ಎಲ್‌ಇಡಿ, ಇನ್ನೊಂದಕ್ಕೆ ಫೋಟೊಡಯೋಡ್. ಒಳಗೆ ಸುಮಾರು 8 ಮೈಕ್ರೊಲೀಟರ್ ಹಿಡಿಯುತ್ತದೆ. ಚಿಪ್‌ನಿಂದ ಈ ಕೋಶಕ್ಕೆ ಬರುವ ಟ್ಯೂಬ್ ಆದಷ್ಟು ಗಿಡ್ಡ ಇರಲಿ, ಇಲ್ಲದಿದ್ದರೆ ಬಣ್ಣದ ತುಣುಕು ದಾರಿಯಲ್ಲೇ ಚದುರುತ್ತದೆ. ತುಂಡು ಕಪ್ಪಾಗಿಯೇ ಇರಬೇಕು. ಪಾರದರ್ಶಕ ತುಂಡಿನಲ್ಲಿ ಬೆಳಕು ದ್ರವವನ್ನು ಸುತ್ತಿ ಬಳಸಿ ಹೋಗುತ್ತದೆ. ಆಗ ಸಾಂದ್ರತೆ ಏರಿದರೂ ಅಂಕಿ ಏರುವುದಿಲ್ಲ.

## ಹಂತ 3: ಒಣ ಪರೀಕ್ಷೆ, ಒದ್ದೆ ಪರೀಕ್ಷೆ

ವೈನ್ ಮುಟ್ಟುವ ಮೊದಲು ಚಿಪ್ ಹಿಡಿತವಾಗಿದೆಯೇ ನೋಡಿ. ಕೆಳಗಿನ ಚಾನೆಲ್‌ನಲ್ಲಿ ಬಣ್ಣದ ಉಪ್ಪುನೀರು, ಮೇಲಿನದರಲ್ಲಿ ಬರೀ ಉಪ್ಪುನೀರು ಹರಿಸಿ ಹತ್ತು ನಿಮಿಷ ಕಾಯಿರಿ. ಮೇಲೆ ಬಣ್ಣ ಕಂಡರೆ ಮೆಂಬ್ರೇನ್ ಹರಿದಿದೆ ಅಥವಾ ಒದ್ದೆಯಾಗಿದೆ. ಕಣ್ಣಿಗೆ ಕಾಣದ ಸೋರಿಕೆಗೆ ಮಲ್ಟಿಮೀಟರ್ ಇದೆ. ಎರಡೂ ಚಾನೆಲ್‌ನ ದ್ರವಕ್ಕೆ ಒಂದೊಂದು ತಂತಿ ಮುಟ್ಟಿಸಿ ಪ್ರತಿರೋಧ ಓದಿ. ಮೆಂಬ್ರೇನ್ ಒಳಗೆ ಒಣಗಿದ್ದರೆ ವಿದ್ಯುತ್ತು ದಾಟುವುದಿಲ್ಲ, ಓದು ಮೆಗಾಓಮ್‌ಗಳಲ್ಲಿ ಇರುತ್ತದೆ. ಕಿಲೋಓಮ್‌ಗೆ ಇಳಿದರೆ ಚಿಪ್ ಬಿಚ್ಚಿ. ತಂತಿಗಳ ಸುತ್ತ ಚೆಲ್ಲಿದ ನೀರು ಎರಡನ್ನೂ ಜೋಡಿಸಿಲ್ಲ ಎಂಬುದನ್ನೂ ನೋಡಿಕೊಳ್ಳಿ.

ಇಲ್ಲೇ ಇನ್ನೊಂದು ಮಾತು. ಚಿಪ್ ತೊಳೆಯಲು ಆಲ್ಕೋಹಾಲ್ ಬಳಸಲೇಬೇಡಿ. ಲ್ಯಾಬ್‌ನಲ್ಲಿ ಎಲ್ಲವನ್ನೂ ಎಥನಾಲ್ ಅಥವಾ ಐಸೊಪ್ರೊಪನಾಲ್‌ನಿಂದ ಒರೆಸುವ ಅಭ್ಯಾಸ ಕೈಗೆ ಬಂದುಬಿಟ್ಟಿರುತ್ತದೆ. ಗಟ್ಟಿ ಆಲ್ಕೋಹಾಲ್ ಪಿಟಿಎಫ್ಇ ರಂಧ್ರದೊಳಗೆ ನುಗ್ಗುತ್ತದೆ. ಅದರ ಹಿಂದೆಯೇ ನೀರೂ ನುಗ್ಗುತ್ತದೆ. ಆಮೇಲೆ ಅದು ಅನಿಲದ ಬಾಗಿಲಾಗಿ ಉಳಿಯುವುದಿಲ್ಲ, ಬರೀ ಜರಡಿ. ಹಾಗಾದರೆ ವೈನ್‌ನಲ್ಲೂ ಆಲ್ಕೋಹಾಲ್ ಇದೆಯಲ್ಲಾ? 12 ಶೇಕಡಾ ಇದ್ದಾಗ ದ್ರವದ ಮೇಲ್ಮೈ ಎಳೆತ ಇನ್ನೂ ಸಾಕಷ್ಟು ಇರುತ್ತದೆ, ಮೆಂಬ್ರೇನ್ ತಡೆಯುತ್ತದೆ. 40 ಶೇಕಡಾದ ಮದ್ಯವನ್ನು ಮಾತ್ರ ನೇರವಾಗಿ ಬಿಡಬೇಡಿ, ನೀರು ಸೇರಿಸಿ ತೆಳು ಮಾಡಿಕೊಳ್ಳಿ.

## ಹಂತ 4: ದ್ರಾವಣಗಳು

ಡಿಟಿಎನ್‌ಬಿ. ಪಿಎಚ್ 8ರ, ಲೀಟರಿಗೆ 0.1 ಮೋಲ್ ಫಾಸ್ಫೇಟ್ ಬಫರ್ (ಪಿಎಚ್ ಕದಲದಂತೆ ಹಿಡಿಯುವ ದ್ರಾವಣ) 100 ಮಿಲಿಲೀಟರ್ ತೆಗೆದುಕೊಳ್ಳಿ. ಅದರಲ್ಲಿ 39.6 ಮಿಲಿಗ್ರಾಂ ಡಿಟಿಎನ್‌ಬಿ, ಲೋಹದ ಅಯಾನುಗಳನ್ನು ಹಿಡಿದಿಡುವ ಇಡಿಟಿಎ ಸ್ವಲ್ಪ ಕರಗಿಸಿ. ಕರಗಲು ಹೊತ್ತು ಹಿಡಿಯುತ್ತದೆ, ಅವಸರಕ್ಕೆ ಕ್ಷಾರ ಸುರಿಯಬೇಡಿ. ಪಿಎಚ್ ಜಾಸ್ತಿಯಾದರೆ ಅದು ತಾನೇ ಒಡೆದು ಹಳದಿಯಾಗುತ್ತದೆ. ಬಾಟಲಿಯನ್ನು ಕತ್ತಲಲ್ಲಿ ಇಡಿ, ಆಯಾ ದಿನ ಮಾಡಿದ್ದನ್ನು ಆಯಾ ದಿನವೇ ಮುಗಿಸಿ.

ಆಮ್ಲ. ಲೀಟರಿಗೆ 2 ಮೋಲ್ ಫಾಸ್ಫಾರಿಕ್ ಆಮ್ಲ. ವೈನ್ ಜೊತೆ ಸಮಸಮ ಬೆರೆತಾಗ ಪಿಎಚ್ 1.2ಕ್ಕಿಂತ ಕೆಳಗೆ ಬರಬೇಕು. ಆಗ ಮುಕ್ತ ಸಲ್ಫೈಟ್‌ನ ನೂರರಲ್ಲಿ ಎಂಬತ್ತು ಭಾಗಕ್ಕಿಂತ ಹೆಚ್ಚು ಅನಿಲ ರೂಪಕ್ಕೆ ಬರುತ್ತದೆ.

ಹುಸಿ ವೈನ್. ಇದನ್ನು ಬಿಟ್ಟವರು ಮುಂದೆ ಎಲ್ಲೂ ಸರಿಹೋಗುವುದಿಲ್ಲ. 12 ಶೇಕಡಾ ಎಥನಾಲ್, ಲೀಟರಿಗೆ 5 ಗ್ರಾಂ ಟಾರ್ಟಾರಿಕ್ ಆಮ್ಲ, ಪಿಎಚ್ 3.5. ಸ್ಟ್ಯಾಂಡರ್ಡ್‌ಗಳನ್ನೆಲ್ಲ ಇದರಲ್ಲೇ ಮಾಡಬೇಕು, ಬರೀ ನೀರಿನಲ್ಲಿ ಅಲ್ಲ. 12 ಶೇಕಡಾ ಎಥನಾಲ್ ಬೆರೆತ ನೀರು ಬರೀ ನೀರಿಗಿಂತ ಸುಮಾರು ಒಂದೂವರೆ ಪಟ್ಟು ಮಂದ. ಅಣುಗಳು ನಿಧಾನ ಓಡುತ್ತವೆ, ಅನಿಲ ಕರಗಿ ನಿಲ್ಲುವ ರೀತಿ ಬೇರೆ. ನೀರಿನಲ್ಲಿ ಮಾಡಿದ ಸ್ಟ್ಯಾಂಡರ್ಡ್‌ಗಳ ಓದುಗಳಿಂದ ಎಳೆದ ಗೆರೆಗೆ ವೈನ್‌ನ ಓದನ್ನು ಹೋಲಿಸಿದರೆ ತಪ್ಪು ಅಂಕಿಯೇ ಸಿಗುತ್ತದೆ. ಅದೂ ಪ್ರತಿ ಸಲ ಒಂದೇ ರೀತಿಯ ತಪ್ಪು, ಅದಕ್ಕೇ ಕಣ್ಣಿಗೆ ಬೀಳುವುದಿಲ್ಲ. ಎಥನಾಲ್ ಮತ್ತು ನೀರು ಬೆರೆಸಿದಾಗ ಬಿಸಿಯಾಗಿ ಗುಳ್ಳೆಯೂ ಏಳುತ್ತದೆ. ತಣ್ಣಗಾಗಿ ಗುಳ್ಳೆ ಹೋಗುವವರೆಗೆ ಕಾದು ಆಮೇಲೆ ಅಳತೆಗೆ ತುಂಬಿಸಿ.

ಮೂಲ ಸ್ಟ್ಯಾಂಡರ್ಡ್. 1.484 ಗ್ರಾಂ ಸೋಡಿಯಂ ಮೆಟಾಬೈಸಲ್ಫೈಟನ್ನು ಒಂದು ಲೀಟರಿಗೆ ಮಾಡಿದರೆ 1000 ಮಿಲಿಗ್ರಾಂ ಸಲ್ಫರ್ ಡೈಆಕ್ಸೈಡ್ ಬರುತ್ತದೆ. ಕಾಗದದ ಮೇಲೆ ಮಾತ್ರ! ಡಬ್ಬಿ ತೆರೆದು ಹಳತಾದ ಪುಡಿ ಗಾಳಿಗೆ ಬಲ ಕಳೆದುಕೊಂಡಿರುತ್ತದೆ. ಅಯೋಡಿನ್ ಟೈಟ್ರೇಶನ್ ಮಾಡಿ (ಅಯೋಡಿನ್ ದ್ರಾವಣವನ್ನು ಹನಿಹನಿಯಾಗಿ ಬಿಟ್ಟು ಎಷ್ಟು ಹಿಡಿಯಿತು ಎಂದು ಅಳೆದು) ನಿಜವಾದ ಬಲ ಕಂಡುಕೊಳ್ಳಿ. ಇದರಿಂದ 0, 10, 20, 40, 60, 80, 100 ಮಿಲಿಗ್ರಾಂನ ಸ್ಟ್ಯಾಂಡರ್ಡ್‌ಗಳನ್ನು ಹುಸಿ ವೈನ್‌ನಲ್ಲಿ ಮಾಡಿ. ಇವೂ ಗಾಳಿಗೆ ಕೆಡುತ್ತವೆ. ಮುಚ್ಚಳದವರೆಗೆ ತುಂಬಿದ ಸಣ್ಣ ಬಾಟಲಿಯಲ್ಲಿಡಿ.

## ಹಂತ 5: ಬಾಟಲಿಯಿಂದ ಸಿರಿಂಜ್‌ಗೆ

ಈ ಹಂತಕ್ಕೆ ಯಾರೂ ಗಮನ ಕೊಡುವುದಿಲ್ಲ. ಅಂಕಿ ಹಾಳಾಗುವುದು ಜಾಸ್ತಿ ಇಲ್ಲೇ.

ಮುಕ್ತ ಮತ್ತು ಬಂಧಿತ ಸಲ್ಫೈಟ್ ಒಂದು ಸಮತೋಲದಲ್ಲಿ ಇರುತ್ತವೆ. ವೈನ್ ಬಿಸಿಯಾದರೆ ಬಂಧಿತದ ಒಂದಿಷ್ಟು ಬಿಡುಗಡೆಯಾಗುತ್ತದೆ. ನೀರು ಬೆರೆಸಿದರೂ ಹಾಗೇ. ಆಮ್ಲ ಹಾಕಿ ಸುಮ್ನೆ ಇಟ್ಟರೂ ನಿಧಾನಕ್ಕೆ ಬಿಡುಗಡೆಯಾಗುತ್ತದೆ. ಮುಕ್ತ ಸಲ್ಫೈಟ್ ಬೇಕಿದ್ದರೆ ವೈನ್ ತೆಳು ಮಾಡಬೇಡಿ, ಆಮ್ಲವನ್ನು ಹೊರಗೆ ಸೀಸೆಯಲ್ಲಿ ಬೆರೆಸಿ ಇಡಬೇಡಿ. ಚಿಪ್‌ನೊಳಗೇ ಬೆರೆಸುವುದರ ದೊಡ್ಡ ಲಾಭ ಇದೇ: ಪ್ರತಿ ಮಾದರಿಗೂ ಆಮ್ಲ ತಗುಲಿ ಎಷ್ಟು ಸೆಕೆಂಡಾಯಿತು ಎಂಬುದು ಒಂದೇ ಆಗಿರುತ್ತದೆ.

ಬಾಟಲಿ ತೆರೆದ ಕೂಡಲೇ ಸಿರಿಂಜನ್ನು ದ್ರವದ ಒಳಗೆ ಮುಳುಗಿಸಿ ನಿಧಾನವಾಗಿ ಎಳೆಯಿರಿ. ಒಳಗೆ ಗಾಳಿ ಉಳಿಯಬಾರದು. ಜೋರಾಗಿ ಎಳೆದರೆ ಗುಳ್ಳೆ ಏಳುತ್ತದೆ, ಅನಿಲ ಹೋಗುತ್ತದೆ. ಮಡ್ಡಿ ಇದ್ದರೆ 0.45 ಮೈಕ್ರಾನ್ ಸಿರಿಂಜ್ ಫಿಲ್ಟರ್ ಮೂಲಕ ಒತ್ತಿ, ಮೊದಲ ಕೆಲವು ಹನಿ ಚೆಲ್ಲಿ. ನಿರ್ವಾತದಲ್ಲಿ ಎಳೆಯುವ ಫಿಲ್ಟರ್ ಬೇಡ, ಅದು ಸಲ್ಫೈಟನ್ನೂ ಎಳೆದುಕೊಂಡು ಹೋಗುತ್ತದೆ. ತಂಪು ಜಾಗದಿಂದ ತಂದ ಬಾಟಲಿ ಮುಚ್ಚಿದ ಹಾಗೇ ಕೋಣೆಯ ಶಾಖಕ್ಕೆ ಬರಲಿ, ಆಮೇಲೆ ತೆರೆಯಿರಿ. ತಣ್ಣನೆಯ ವೈನ್ ಚಿಪ್‌ನೊಳಗೆ ಬಿಸಿಯಾದರೆ ಕರಗಿದ್ದ ಗಾಳಿ ಗುಳ್ಳೆಯಾಗಿ ಮೆಂಬ್ರೇನ್‌ಗೆ ಅಂಟಿಕೊಳ್ಳುತ್ತದೆ.

ನೊರೆಯುಕ್ಕುವ ವೈನ್ ಮತ್ತು ಬಿಯರ್ ಈ ಚಿಪ್‌ನಲ್ಲಿ ಮೊದಲಿಗೇ ಹಿಡಿಯಬೇಡಿ. ಅವುಗಳ ಕಾರ್ಬನ್ ಡೈಆಕ್ಸೈಡ್ ತೆಗೆಯಲು ಕಲಕಿದರೆ ಸಲ್ಫೈಟೂ ಕಮ್ಮಿಯಾಗುತ್ತದೆ. ತೆಗೆಯದೆ ಬಿಟ್ಟರೆ ಚಾನೆಲ್ ತುಂಬ ಗುಳ್ಳೆ. ನೊರೆಯಿಲ್ಲದ ವೈನ್‌ನಲ್ಲಿ ಕೈ ಪಳಗಿದ ಮೇಲೆ ಅತ್ತ ಹೋಗಿ.

ಒಟ್ಟು ಸಲ್ಫೈಟ್ ಬೇಕಿದ್ದರೆ ದಾರಿ ಬೇರೆ. 1 ಮಿಲಿಲೀಟರ್ ವೈನ್‌ಗೆ 1 ಮಿಲಿಲೀಟರ್, ಲೀಟರಿಗೆ 1 ಮೋಲ್ ಸೋಡಿಯಂ ಹೈಡ್ರಾಕ್ಸೈಡ್ ಸೇರಿಸಿ ಮುಚ್ಚಿ 15 ನಿಮಿಷ ಇಡಿ. ಕ್ಷಾರದಲ್ಲಿ ಬಂಧಗಳು ಬಿಡಿಸಿಕೊಳ್ಳುತ್ತವೆ. ಆಮೇಲೆ ಅದೇ ಚಿಪ್‌ಗೆ ಬಿಡಿ, ಬಂದ ಅಂಕಿಯನ್ನು ಎರಡರಿಂದ ಗುಣಿಸಿ. ಆದರೆ ಈ ಕ್ಷಾರ ನಿಮ್ಮ ಆಮ್ಲದ ಒಂದು ಪಾಲನ್ನು ತಿನ್ನುತ್ತದೆ, ಅನಿಲವಾಗುವ ಭಾಗ ಇಳಿಯುತ್ತದೆ. ಆದ್ದರಿಂದ ಸ್ಟ್ಯಾಂಡರ್ಡ್‌ಗಳಿಗೂ ಇದೇ ಕ್ಷಾರ ಸೇರಿಸಿ, ಅರ್ಧಕ್ಕೆ ಇಳಿದ ಅವುಗಳ ಬಲವನ್ನೇ ಲೆಕ್ಕಕ್ಕೆ ಹಿಡಿದು ಇನ್ನೊಂದು ಗೆರೆ ಹಾಕಿಕೊಳ್ಳಿ. ಮುಕ್ತದ ಗೆರೆಯಲ್ಲಿ ಒಟ್ಟನ್ನು ಓದಿದರೆ ಅಂಕಿ ಕಮ್ಮಿ ಬರುತ್ತದೆ. ಮಿತಿ ದಾಟಿದ ವೈನ್ ಮಿತಿಯೊಳಗೆ ಇದ್ದಂತೆ ಕಂಡೀತು.

## ಹಂತ 6: ಓಡಿಸುವ ಕ್ರಮ

ಕ್ರಮ ತಪ್ಪಿಸಬೇಡಿ. ಪ್ರತಿಯೊಂದಕ್ಕೂ ಕಾರಣ ಇದೆ.

1. ಎಲ್‌ಇಡಿ ಹಚ್ಚಿ 20 ನಿಮಿಷ ಬಿಡಿ. ಬಿಸಿಯಾಗುತ್ತಾ ಅದರ ಬೆಳಕು ಬದಲಾಗುತ್ತದೆ. ಚಿಪ್ ಕೆಳಗಿನ ಪ್ಲೇಟ್ 25 ಡಿಗ್ರಿಗೆ ನಿಲ್ಲಲಿ.

2. ಮೊದಲು ಡಿಟಿಎನ್‌ಬಿ, ನಿಮಿಷಕ್ಕೆ 10 ಮೈಕ್ರೊಲೀಟರ್. ಕೆಳಗಿನಿಂದ ಮೊದಲು ಒತ್ತಡ ಬಂದರೆ ಖಾಲಿ ಇರುವ ಮೇಲಿನ ಚಾನೆಲ್ ಕಡೆಗೆ ಮೆಂಬ್ರೇನ್ ಉಬ್ಬುತ್ತದೆ, ಗಾಳಿ ಸಿಕ್ಕಿಹಾಕಿಕೊಳ್ಳುತ್ತದೆ.

3. ಆಮೇಲೆ ಆಮ್ಲ ಮತ್ತು ಹುಸಿ ವೈನ್, ತಲಾ ನಿಮಿಷಕ್ಕೆ 20 ಮೈಕ್ರೊಲೀಟರ್. ಐದು ನಿಮಿಷ ಕೋಶದ ಓದಿನ ಗೆರೆ ಮಟ್ಟವಾಗಿ ನಿಂತರೆ ಮುಂದೆ ಹೋಗಿ. ನಿಲ್ಲದಿದ್ದರೆ ಹೋಗಬೇಡಿ.

4. ಸ್ಟ್ಯಾಂಡರ್ಡ್ ಬಿಡಿ. ಹಳೆಯ ದ್ರವ ಪೂರ್ತಿ ಹೊರಹೋಗುವವರೆಗೆ ಕಾಯಿರಿ. ಎಷ್ಟು ಹೊತ್ತು? ಟ್ಯೂಬ್‌ನ ಲೆಕ್ಕ ಹಾಕಿ. ಅರ್ಧ ಮಿ.ಮೀ. ಒಳವ್ಯಾಸದ 30 ಸೆಂ.ಮೀ. ಟ್ಯೂಬ್‌ನಲ್ಲಿ ಸುಮಾರು 59 ಮೈಕ್ರೊಲೀಟರ್ ಕೂತಿರುತ್ತದೆ. ಹೊಸ ಮಾದರಿ ಚಿಪ್‌ಗೆ ತಲುಪಲೇ ಮೂರು ನಿಮಿಷ ಬೇಕು. ಒಂದೇ ಬಾಟಲಿಗೆ ಮೂರು ಅಂಕಿ ಬರುವುದಕ್ಕೆ ಇದು ದೊಡ್ಡ ಕಾರಣ: ಮೊದಲ ಓದಿನಲ್ಲಿ ಹಿಂದಿನ ಮಾದರಿ ಇನ್ನೂ ಬೆರೆತಿರುತ್ತದೆ. ಟ್ಯೂಬ್ 10 ಸೆಂ.ಮೀ.ಗೆ ಇಳಿಸಿ. ಹರಿವು ಹೆಚ್ಚಿಸಿ ಬೇಗ ತೊಳೆಯಿರಿ, ಮತ್ತೆ 20ಕ್ಕೆ ತಂದು ಒಂದು ನಿಮಿಷ ನಿಲ್ಲಲು ಬಿಡಿ.

5. ಡಿಟಿಎನ್‌ಬಿ ಪಂಪ್ ಮಾತ್ರ 30 ಸೆಕೆಂಡು ನಿಲ್ಲಿಸಿ. ನಿಂತ ದ್ರವದಲ್ಲಿ ಬಣ್ಣ ಕೂಡಿಕೊಳ್ಳುತ್ತದೆ. ಮತ್ತೆ ಹರಿಸಿ, ಕೋಶದಲ್ಲಿ ಏಳುವ ಶಿಖರದ ಎತ್ತರ ಬರೆದುಕೊಳ್ಳಿ. 30 ಸೆಕೆಂಡನ್ನು ಟೈಮರ್ ನೋಡಲಿ, ಅಂದಾಜು ಬೇಡ. 100 ಮಿಲಿಗ್ರಾಂ ಸ್ಟ್ಯಾಂಡರ್ಡ್‌ಗೆ ಓದು 1 ದಾಟುತ್ತಿದ್ದರೆ ನಿಲ್ಲಿಸುವ ಹೊತ್ತು ಕಮ್ಮಿ ಮಾಡಿ.

6. ಪ್ರತಿಯೊಂದನ್ನೂ ಮೂರು ಸಲ ಓದಿ. ಸ್ಟ್ಯಾಂಡರ್ಡ್‌ಗಳು ಕಮ್ಮಿಯಿಂದ ಜಾಸ್ತಿಗೆ ಹೋಗಲಿ. ಕೊನೆಗೆ ಮತ್ತೆ 40ನ್ನು ಓದಿ. ಮೊದಲ ಸಲದ ಅಂಕಿಗೆ 5 ಶೇಕಡಾ ಒಳಗೆ ಬರಬೇಕು.

7. ಈಗ ವೈನ್. ಪ್ರತಿ ಐದು ಮಾದರಿಗೊಮ್ಮೆ 40ರ ಸ್ಟ್ಯಾಂಡರ್ಡ್ ನಡುವೆ ಬರಲಿ.

## ಹಂತ 7: ಅಂಕಿಯಿಂದ ಅರ್ಥಕ್ಕೆ

ಶೂನ್ಯ ಸ್ಟ್ಯಾಂಡರ್ಡ್‌ನ ಓದನ್ನು ಎಲ್ಲದರಿಂದ ಕಳೆಯಿರಿ. ಉಳಿದವನ್ನು ಗೆರೆಯ ಮೇಲೆ ಕೂರಿಸಿ. ಉದಾಹರಣೆಗೆ ಗೆರೆಯ ಏರು ಮಿಲಿಗ್ರಾಂಗೆ 0.008, ಶೂನ್ಯದ ಓದು 0.020, ವೈನ್‌ನ ಓದು 0.276 ಎಂದುಕೊಳ್ಳಿ. 0.276ರಿಂದ 0.020 ಕಳೆದರೆ 0.256. ಅದನ್ನು 0.008ರಿಂದ ಭಾಗಿಸಿದರೆ ಲೀಟರಿಗೆ 32 ಮಿಲಿಗ್ರಾಂ ಮುಕ್ತ ಸಲ್ಫೈಟ್.

ಇಲ್ಲಿಗೆ ನಿಲ್ಲಿಸಿದರೆ ಪರೀಕ್ಷೆ ಅರ್ಧ ಮಾತ್ರ. 32 ಒಳ್ಳೆಯದೋ ಕಮ್ಮಿಯೋ ಎಂಬುದನ್ನು ವೈನ್‌ನ ಪಿಎಚ್ ಹೇಳುತ್ತದೆ. ವೈನ್‌ನ ಪಿಎಚ್‌ನಿಂದ 1.81 ಕಳೆಯಿರಿ. ಹತ್ತನ್ನು ಆ ಘಾತಕ್ಕೆ ಏರಿಸಿ, ಒಂದು ಕೂಡಿಸಿ. ಮುಕ್ತ ಸಲ್ಫೈಟನ್ನು ಅದರಿಂದ ಭಾಗಿಸಿ. ಸಿಗುವುದು ಸೂಕ್ಷ್ಮಜೀವಿಗಳನ್ನು ತಡೆಯುವ ಅನಿಲ ರೂಪದ ಪಾಲು. ಪಿಎಚ್ 3.4 ಇದ್ದರೆ 32 ಮಿಲಿಗ್ರಾಂಗೆ ಲೀಟರಿಗೆ ಸುಮಾರು 0.80 ಮಿಲಿಗ್ರಾಂ ಬರುತ್ತದೆ. ಬಿಳಿ ವೈನ್ ಮಾಡುವವರು ಸಾಮಾನ್ಯವಾಗಿ ಇಟ್ಟುಕೊಳ್ಳುವ ಗುರಿ ಅಷ್ಟೇ. ಅದೇ 32, ಪಿಎಚ್ 3.8ರ ವೈನ್‌ನಲ್ಲಿ ಸುಮಾರು 0.32 ಮಾತ್ರ. ಅಂಕಿ ಒಂದೇ, ಕಾವಲು ಅರ್ಧಕ್ಕಿಂತ ಕಮ್ಮಿ. ಆದ್ದರಿಂದ ಪಿಎಚ್ ಬರೆಯದ ಮುಕ್ತ ಸಲ್ಫೈಟ್ ವರದಿಯನ್ನು ನಾನು ಪೂರ್ಣ ವರದಿ ಎಂದು ಒಪ್ಪುವುದಿಲ್ಲ.

ಗೆರೆಯ ಕೊನೆಯ ಸ್ಟ್ಯಾಂಡರ್ಡ್ ದಾಟಿದ ಓದು ಬಂದರೆ ಗೆರೆಯನ್ನು ಎಳೆದು ಉದ್ದ ಮಾಡಬೇಡಿ. ನಿಲ್ಲಿಸುವ ಹೊತ್ತು ಕಮ್ಮಿ ಮಾಡಿ ಇನ್ನೂ ದೊಡ್ಡ ಸ್ಟ್ಯಾಂಡರ್ಡ್‌ನೊಂದಿಗೆ ಹೊಸ ಗೆರೆ ಹಾಕಿ.

## ಹಂತ 8: ನಂಬುವ ಮೊದಲು

ವೈನ್‌ಗೆ ಗೊತ್ತಿರುವಷ್ಟು ಸಲ್ಫೈಟ್ ಸೇರಿಸಿ, ಅಷ್ಟೂ ಮತ್ತೆ ಸಿಗುತ್ತದೆಯೇ ನೋಡುವುದು ಎಲ್ಲರಿಗೂ ಗೊತ್ತಿರುವ ಪರೀಕ್ಷೆ. ಇಲ್ಲಿ ಒಂದು ಬಲೆ ಇದೆ. ಸೇರಿಸಿದ ಸಲ್ಫೈಟ್‌ನ ಒಂದಿಷ್ಟು ಅಸಿಟಾಲ್ಡಿಹೈಡ್ ಮುಂತಾದವಕ್ಕೆ ಅಂಟಿಕೊಂಡುಬಿಡುತ್ತದೆ. ಮುಕ್ತದಲ್ಲಿ ಪೂರ್ತಿ ಸಿಗದಿದ್ದರೆ ಅದು ಚಿಪ್‌ನ ತಪ್ಪಲ್ಲ, ವೈನ್‌ನ ಗುಣ. ಈ ಪರೀಕ್ಷೆಯನ್ನು ಒಟ್ಟು ಸಲ್ಫೈಟ್ ಮೇಲೆ ಮಾಡಿ. 10 ಮಿಲಿಲೀಟರ್ ವೈನ್‌ಗೆ 0.2 ಮಿಲಿಲೀಟರ್ ಮೂಲ ಸ್ಟ್ಯಾಂಡರ್ಡ್ ಸೇರಿಸಿದರೆ ಲೀಟರಿಗೆ ಸುಮಾರು 19.6 ಮಿಲಿಗ್ರಾಂ ಏರಬೇಕು. ಏರಿದ್ದು ಅದರ 90ರಿಂದ 110 ಶೇಕಡಾ ಒಳಗಿದ್ದರೆ ಸರಿ.

ಮುಕ್ತವನ್ನು ತಾಳೆ ನೋಡಲು ಗಾಳಿ ಹಾಯಿಸಿ ಪೆರಾಕ್ಸೈಡ್‌ನಲ್ಲಿ ಹಿಡಿಯುವ ಹಳೆಯ ವಿಧಾನವೇ ಒಳ್ಳೆಯದು. ಅಯೋಡಿನ್ ಟೈಟ್ರೇಶನ್‌ನಲ್ಲಿ ವಿಟಮಿನ್ ಸಿ ಮತ್ತು ಫೀನಾಲ್‌ಗಳೂ ಅಯೋಡಿನ್ ತಿನ್ನುತ್ತವೆ. ಕೆಂಪು ವೈನ್‌ನಲ್ಲಿ ಅದರ ಕೊನೆಯ ಬಣ್ಣವೂ ಸರಿಯಾಗಿ ಕಾಣುವುದಿಲ್ಲ. ಇನ್ನೊಂದು ವಿಷಯ: ಆಮ್ಲ ಬಿದ್ದಾಗ ಆಂಥೋಸಯನಿನ್ ಹಿಡಿದಿಟ್ಟ ಸಲ್ಫೈಟ್ ಬಿಟ್ಟುಹೋಗುತ್ತದೆ. ಎಳೆಯ ಕೆಂಪು ವೈನ್‌ನಲ್ಲಿ ಮುಕ್ತದ ಅಂಕಿ ನಿಜಕ್ಕಿಂತ ಮೇಲೆ ಇರುತ್ತದೆ. ಹಳೆಯ ವಿಧಾನದಲ್ಲೂ ಇದೇ ಪಾಡು. ಎರಡೂ ಒಂದೇ ಅಂಕಿ ಕೊಟ್ಟವು ಎಂದ ಮಾತ್ರಕ್ಕೆ ಈ ದೋಷ ಇಲ್ಲ ಎಂದುಕೊಳ್ಳಬೇಡಿ, ವರದಿಯಲ್ಲಿ ಒಂದು ಸಾಲು ಬರೆಯಿರಿ.

## ಅಪಾಯದ ಗುರುತುಗಳು

ಶೂನ್ಯದ ಗೆರೆ ನಿಧಾನಕ್ಕೆ ಮೇಲೇರುತ್ತಿದೆ. ಡಿಟಿಎನ್‌ಬಿ ಹಳತಾಗಿದೆ ಅಥವಾ ಬೆಳಕು ಕುಡಿದಿದೆ. ಹೊಸದು ಮಾಡಿ.

ಓದು ಒಮ್ಮೆಲೇ ಮೇಲೆ ಹಾರಿ, ಸೂಜಿಯ ಹಾಗೆ ಕೆಳಗಿಳಿಯುತ್ತಿದೆ. ಕೋಶದಲ್ಲಿ ಗುಳ್ಳೆ. ಆ ಓದು ಬಿಟ್ಟುಬಿಡಿ. ಬಫರ್‌ನ ಗಾಳಿ ತೆಗೆಯಿರಿ.

ಗಂಟೆ ಕಳೆದಂತೆ ಎಲ್ಲ ಶಿಖರಗಳೂ ಕುಗ್ಗುತ್ತಿವೆ. ಮೆಂಬ್ರೇನ್‌ಗೆ ವೈನ್‌ನ ಮಡ್ಡಿ ಹತ್ತಿದೆ, ಅಥವಾ ಸ್ಟ್ಯಾಂಡರ್ಡೇ ಗಾಳಿಗೆ ಬಲ ಕಳೆದುಕೊಳ್ಳುತ್ತಿದೆ. ಹೊಸ ಸ್ಟ್ಯಾಂಡರ್ಡ್ ಮಾಡಿ ಓದಿದರೆ ಯಾವುದು ಎಂದು ಗೊತ್ತಾಗುತ್ತದೆ.

ಹಳದಿ ಇರಬೇಕಾದ ಕಡೆ ನಸುಗೆಂಪು. ವೈನ್ ಸೀದಾ ದಾಟುತ್ತಿದೆ. ಆ ದಿನದ ಅಂಕಿಗಳನ್ನೆಲ್ಲ ಪಕ್ಕಕ್ಕಿಡಿ, ಹಂತ 3ಕ್ಕೆ ಹೋಗಿ.

ಮೂರು ಓದಿನಲ್ಲಿ ಮೊದಲನೆಯದೇ ಯಾವಾಗಲೂ ಬೇರೆ. ತೊಳೆದದ್ದು ಸಾಲದು. ಹಂತ 6ರ ಟ್ಯೂಬ್ ಲೆಕ್ಕ ಮತ್ತೆ ನೋಡಿ.

## ಇದೇ ಚಿಪ್‌ನಲ್ಲಿ ಮೆಥನಾಲ್?

ಈ ಪ್ರಶ್ನೆ ಬಹಳ ಬರುತ್ತದೆ, ಅದರ ಹಿಂದಿನ ಆತಂಕವೂ ನನಗೆ ಅರ್ಥವಾಗುತ್ತದೆ. ಮೆಥನಾಲ್ ಕಣ್ಣು ಕಳೆಯುತ್ತದೆ, ಜೀವ ತೆಗೆಯುತ್ತದೆ. ಆದರೆ ಅನುಮಾನದ ಮದ್ಯವನ್ನು ಮನೆಯಲ್ಲಿ ಕಟ್ಟಿದ ಯಾವ ಚಿಪ್‌ನಲ್ಲೂ ಪರೀಕ್ಷಿಸಿ ಕುಡಿಯಬಹುದು ಎಂದು ತೀರ್ಮಾನಿಸಬೇಡಿ. ಚಿಪ್‌ಗಳಲ್ಲಿ ಹೆಚ್ಚಾಗಿ ಬಳಸುವ ಆಲ್ಕೋಹಾಲ್ ಆಕ್ಸಿಡೇಸ್ ಕಿಣ್ವ ಮೆಥನಾಲ್ ಮತ್ತು ಎಥನಾಲ್ ಎರಡಕ್ಕೂ ಬಣ್ಣ ಕೊಡುತ್ತದೆ. ಎಥನಾಲ್ ತುಂಬಿದ ದ್ರವದಲ್ಲಿ ಕೊಂಚ ಮೆಥನಾಲ್ ಇದೆಯೋ ಇಲ್ಲವೋ ಎಂದು ಅದು ಹೇಳಲಾರದು. ಅನುಮಾನ ಬಂದ ಮಾದರಿ ಗ್ಯಾಸ್ ಕ್ರೊಮ್ಯಾಟೊಗ್ರಫಿ (ಮಾದರಿಯ ಘಟಕಗಳನ್ನು ಬೇರ್ಪಡಿಸಿ ಅಳೆಯುವ ವಿಧಾನ) ಇರುವ ಪ್ರಯೋಗಾಲಯಕ್ಕೆ ಹೋಗಬೇಕು. ಅದನ್ನು ಯಾರಾದರೂ ಆಗಲೇ ಕುಡಿದಿದ್ದರೆ ಪರೀಕ್ಷೆಗೆ ಕಾಯದೆ ಕೂಡಲೇ ಆಸ್ಪತ್ರೆಗೆ ಕರೆದೊಯ್ಯಿರಿ. ಲಕ್ಷಣಗಳು ಕಾಣಲು ಗಂಟೆಗಳೇ ಹಿಡಿಯಬಹುದು.

## ಕೆಲಸ ಮುಗಿದ ಮೇಲೆ

ಮೊದಲು ವೈನ್ ಮತ್ತು ಆಮ್ಲದ ಪಂಪ್ ನಿಲ್ಲಿಸಿ, ಕೊನೆಗೆ ಡಿಟಿಎನ್‌ಬಿ. ಎರಡೂ ಚಾನೆಲ್‌ಗೆ 20 ನಿಮಿಷ ಶುದ್ಧ ನೀರು, ಆಮೇಲೆ ಮೆಲ್ಲಗೆ ಗಾಳಿ. ಪೂರ್ತಿ ಒಣಗಿಸಿ ಇಡಿ. ಒಳಗೆ ನೀರು ನಿಂತರೆ ಮೆಂಬ್ರೇನ್ ಮೇಲೆ ಪಾಚಿಯಂಥದ್ದು ಬೆಳೆಯುತ್ತದೆ. ಮರುದಿನ ಶುರು ಮಾಡುವ ಮೊದಲು ಮಲ್ಟಿಮೀಟರ್ ಪರೀಕ್ಷೆ ಇನ್ನೊಮ್ಮೆ ಮಾಡಿ, ಓದನ್ನು ದಿನಾಂಕದ ಜೊತೆ ಬರೆದಿಡಿ. ದಿನದಿಂದ ದಿನಕ್ಕೆ ಆ ಪ್ರತಿರೋಧ ಇಳಿಯುತ್ತಾ ಬಂದರೆ ಮೆಂಬ್ರೇನ್ ಬದಲಿಸುವ ಹೊತ್ತು ಬಂದಿದೆ.